ಹಿಮಸಾಗರದ ಮೇಲೆ ಹಾರಿದ ಧೀರ ಅಮಂಡ್ಸೆನ್

ಮಳೆಗಾಲದಲ್ಲಿ ಕಪಿಲೆಯು ತುಂಬಿ ಹರಿಯುವುದನ್ನು ಕಂಡ ಬಿಳಿಗೆರೆ ಸೀಮೆಯ ವಿದ್ಯಾರ್ಥಿಗೆ, ಕಡಲೇ ಹೆಪ್ಪುಗಟ್ಟಿ ನಿಲ್ಲುವುದೆಂಬುದು ಊಹೆಗೂ ನಿಲುಕದ ಸಂಗತಿ. ಅಂತಹ ಕಡಲನ್ನು ಮೊದಲು ಹಡಗಿನಿಂದಲೂ ಅನಂತರ ಆಕಾಶದಿಂದಲೂ ಕಂಡು, ಕೊನೆಗೆ ಪರೋಪಕಾರಕ್ಕಾಗಿ ಆ ಕಡೆಯೇ ಕಣ್ಮರೆಯಾದ ಧೀರನು ರೋಲ್ಡ್ ಅಮಂಡ್ಸೆನ್.

ಈತನು 1872ರ ಜುಲೈ 16ರಂದು ನಾರ್ವೆ ದೇಶದಲ್ಲಿ ಜನಿಸಿದನು. ತಾಯಿಯ ಇಚ್ಛೆಯಂತೆ ವೈದ್ಯವಿದ್ಯೆಗೆ ಸೇರಿದ್ದರೂ, ಆಕೆಯ ಮರಣಾನಂತರ ಅದನ್ನು ಬಿಟ್ಟು ನಾವಿಕನಾದನು. 1903ರಿಂದ 1906ರವರೆಗೆ ‘ಯೋವಾ’ ಎಂಬ ಚಿಕ್ಕ ಹಡಗಿನಲ್ಲಿ ಅಮೆರಿಕ ಖಂಡದ ಉತ್ತರದ ಹಿಮಮಾರ್ಗವನ್ನು ದಾಟಿದನು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮುಟ್ಟಿದ ಮೊದಲಿಗರ ನಾಯಕನೆನಿಸಿದನು.

ಅಷ್ಟಕ್ಕೇ ಆತನು ತೃಪ್ತನಾಗಲಿಲ್ಲ. 1925ರ ಮೇ 21ರಂದು ಎರಡು ವಿಮಾನಗಳಲ್ಲಿ ಆರು ಮಂದಿ ಉತ್ತರ ಧ್ರುವದತ್ತ ಹಾರಿದರು. ಮೇಲಿನಿಂದ ನಯವಾದ ಬಿಳಿಯ ಬಯಲಿನಂತೆ ಕಂಡ ಹಿಮವು, ಕೆಳಗಿಳಿದಾಗ ದಿಣ್ಣೆಗಳಿಂದಲೂ ಬಿರುಕುಗಳಿಂದಲೂ ತುಂಬಿತ್ತು. ಒಂದು ವಿಮಾನವು ಕೆಟ್ಟುಹೋಯಿತು. ಮಿತವಾದ ಆಹಾರದಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ಹಿಮವನ್ನು ಕಡಿದು, ಹಾದಿಯನ್ನು ಸಮಮಾಡಿ, ಜೂನ್ 15ರಂದು ಆರೂ ಮಂದಿ ಉಳಿದ ಒಂದೇ ವಿಮಾನದಲ್ಲಿ ಮೇಲೇರಿದರು.

ಮರುವರ್ಷ ಇಟಲಿಯ ನೊಬಿಲೆ ನಿರ್ಮಿಸಿ ನಡೆಸಿದ ‘ನಾರ್ಗೆ’ ಎಂಬ ವಾಯುನೌಕೆಯಲ್ಲಿ ಅಮಂಡ್ಸೆನ್ನನು 1926ರ ಮೇ 12ರಂದು ಉತ್ತರ ಧ್ರುವದ ಮೇಲೆ ಹಾದು, ಅಲಾಸ್ಕವನ್ನು ತಲುಪಿದನು. ಆ ಮಾರ್ಗದಲ್ಲಿ ಹೊಸ ಭೂಮಿಯಿರಬಹುದೆಂದು ಹಲವರು ಊಹಿಸಿದ್ದರು. ಯಾತ್ರಿಕರಿಗೆ ಕಂಡುದು ಹೆಪ್ಪುಗಟ್ಟಿದ ಕಡಲು ಮಾತ್ರ.

ಯಾತ್ರೆಯ ಕೀರ್ತಿಯ ವಿಷಯದಲ್ಲಿ ಇಬ್ಬರಿಗೂ ತೀವ್ರ ಮನಸ್ತಾಪ ಬೆಳೆಯಿತು. ಆದರೆ 1928ರ ಮೇ 25ರಂದು ನೊಬಿಲೆಯ ‘ಇಟಾಲಿಯ’ ವಾಯುನೌಕೆಯು ಹಿಮದ ಮೇಲೆ ಅಪ್ಪಳಿಸಿತೆಂಬ ಸುದ್ದಿ ಬಂದಾಗ, ಅಮಂಡ್ಸೆನ್ನನು ವೈರವನ್ನು ಗಣಿಸಲಿಲ್ಲ. ಹಿಮದ ಅಪಾಯವನ್ನು ಸ್ವತಃ ಅನುಭವಿಸಿ ಬಲ್ಲವನಾಗಿದ್ದೂ, ಜೂನ್ 18ರಂದು ಐವರೊಡನೆ ಟ್ರೊಮ್ಸೊ ಪಟ್ಟಣದಿಂದ ವಿಮಾನವೇರಿದನು. ಆ ವಿಮಾನವು ಮರಳಿ ಬರಲಿಲ್ಲ. ಅದರ ಒಂದು ತೇಲುಬುರುಡೆ ಮುಂದೆ ಕಡಲಿನಲ್ಲಿ ದೊರೆಯಿತು. ಆತನ ದೇಹವು ಸಿಕ್ಕಲೇ ಇಲ್ಲ. ನೊಬಿಲೆಯನ್ನು ಸ್ವೀಡನ್ನಿನ ವೈಮಾನಿಕನೊಬ್ಬನು ಪಾರುಮಾಡಿದನು.

ಇಂದು ಧ್ರುವಸಾಗರದ ಹಿಮವನ್ನು ಕೃತಕ ಉಪಗ್ರಹಗಳು ಪ್ರತಿದಿನವೂ ಅಳೆಯುತ್ತವೆ. ಆ ಅರಿವಿಗೆ ಹಾದಿ ತೆರೆದವರಲ್ಲಿ ಅಮಂಡ್ಸೆನ್ನನೂ ಒಬ್ಬನು. ಆದರೆ ತನ್ನೊಡನೆ ಕಲಹವಾಡಿದವನ ಪ್ರಾಣಕ್ಕಾಗಿ ತನ್ನ ಪ್ರಾಣವನ್ನೇ ಪಣವಾಗಿಟ್ಟ ಆ ಕೊನೆಯ ಹಾರಾಟವು, ಧ್ರುವಗಳನ್ನು ಮುಟ್ಟಿದ ಕೀರ್ತಿಗಿಂತಲೂ ಎತ್ತರವಾದುದು.