ಮುಗಿಸದೆ ಬಿಟ್ಟ ಚಿತ್ರಗಳು

ನನ್ನ ಮಗನಿಗೆ ಒಂಬತ್ತು ವರ್ಷವಾಗಿದ್ದಾಗ ವೈದ್ಯರು ಅವನಿಗೆ ಎಡಿಎಚ್‌ಡಿ ಇದೆ ಎಂದರು. ಅಂದು ಲೋಕಲ್ ಟ್ರೇನಿನಲ್ಲಿ ದಾದರ್ ಬರುವಷ್ಟರಲ್ಲಿ ಅವನು ಮೂರು ಚಿತ್ರ ಶುರುಮಾಡಿದ್ದ, ಒಂದೂ ಮುಗಿದಿರಲಿಲ್ಲ. ಲಿಯೊನಾರ್ಡೊ ಡಾ ವಿಂಚಿಗೂ ಇದೇ ಇತ್ತಂತೆ ಎಂದು ಗೆಳತಿಯೊಬ್ಬಳು ಸಮಾಧಾನಕ್ಕೆ ವಾಟ್ಸಾಪ್ ಕಳಿಸಿದಳು. ಹೌದೇ ಎಂದು ಆತನ ಜೀವನ ಓದತೊಡಗಿದೆ.

ಲಿಯೊನಾರ್ಡೊ ಹುಟ್ಟಿದ್ದು 1452ರಲ್ಲಿ, ಇಟಲಿಯಲ್ಲಿ. ತಂದೆ ನೋಟರಿ. ತಾಯಿ ಕತೆರಿನಾಳನ್ನು ತಂದೆ ಮದುವೆಯಾಗಲಿಲ್ಲ. ಹುಡುಗ ಬೆಳೆದದ್ದು ತಂದೆಯ ಮನೆಯವರ ಬಳಿ. ಫ್ಲಾರೆನ್ಸಿನಲ್ಲಿ ವೆರೋಕ್ಕಿಯೊನ ಹತ್ತಿರ ಕೆಲಸ ಕಲಿತ. ಎಡಗೈಯಲ್ಲಿ, ಬಲದಿಂದ ಎಡಕ್ಕೆ ಬರೆಯುತ್ತಿದ್ದ. 1481ರಲ್ಲಿ ಒಂದು ಮಠಕ್ಕೆ ಒಪ್ಪಿಕೊಂಡ ದೊಡ್ಡ ಚಿತ್ರವನ್ನು ಅರ್ಧಕ್ಕೆ ಬಿಟ್ಟು ಮಿಲಾನಿಗೆ ಹೋದ. ಅಲ್ಲಿ ಡ್ಯೂಕನಿಗಾಗಿ ಭಾರಿ ಕುದುರೆಯ ಮಣ್ಣಿನ ಮಾದರಿ ಮಾಡಿದ. ಎರಕಕ್ಕೆ ಕೂಡಿಟ್ಟ ಕಂಚು ಯುದ್ಧದ ತೋಪುಗಳಿಗೆ ಹೋಯಿತು. ಕೊನೆಯ ಭೋಜನದ ಚಿತ್ರ ಬರೆಯುವಾಗ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಊಟ ಮರೆತು ಬಣ್ಣ ಹಚ್ಚುತ್ತಿದ್ದನಂತೆ, ಮತ್ತೆ ಕೆಲವು ದಿನ ಕುಂಚವನ್ನೇ ಮುಟ್ಟುತ್ತಿರಲಿಲ್ಲವಂತೆ. ಕಣ್ಣಾರೆ ಕಂಡ ಬಂದೆಲ್ಲೊ ಇದನ್ನು ಬರೆದಿಟ್ಟಿದ್ದಾನೆ. 1503ರ ಹೊತ್ತಿಗೆ ಶುರುಮಾಡಿದ ಮೋನಾಲಿಸಾ ಚಿತ್ರವನ್ನು ಬರೆಸಿದವರಿಗೆ ಒಪ್ಪಿಸಲೇ ಇಲ್ಲ. 1519ರಲ್ಲಿ ಫ್ರಾನ್ಸಿನಲ್ಲಿ, 67ನೆಯ ವಯಸ್ಸಿನಲ್ಲಿ ತೀರಿಕೊಂಡ.

500 ವರ್ಷದ ಬಳಿಕ, 2019ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಾರ್ಕೊ ಕಟಾನಿ ಎಂಬ ತಜ್ಞರು ಇದಕ್ಕೆಲ್ಲ ಎಡಿಎಚ್‌ಡಿ ಕಾರಣವಿರಬಹುದು ಎಂದು ಬರೆದರು. ಸತ್ತವರಿಗೆ ಖಚಿತವಾಗಿ ರೋಗನಿರ್ಣಯ ಮಾಡಲಾಗದು ಎಂಬುದನ್ನು ಅವರೇ ಒಪ್ಪಿದ್ದಾರೆ.

ಅದೇಕೆಂದು ನನಗೆ ಚೆನ್ನಾಗಿ ಗೊತ್ತು. ಮಗನ ವಿಷಯದಲ್ಲಿ ವೈದ್ಯರು ನನ್ನನ್ನು ಒಂದು ಗಂಟೆ ವಿಚಾರಿಸಿದ್ದರು. ಮೂರು ವರ್ಷದವನಿದ್ದಾಗ ಹೇಗಿದ್ದ, ಊಟಕ್ಕೆ ಕೂರುತ್ತಿದ್ದನೇ ಎಂದೆಲ್ಲ ಕೇಳಿದ್ದರು. ಟೀಚರಿಂದಲೂ ಫಾರಂ ತುಂಬಿಸಿಕೊಂಡಿದ್ದರು. ಕತೆರಿನಾಳನ್ನು ಯಾರು ಕೇಳಬೇಕು? ಉಳಿದಿರುವುದು ಕರಾರುಪತ್ರಗಳು, ಟಿಪ್ಪಣಿ ಪುಟಗಳು, ಕಂಡವರ ಮಾತುಗಳು. ಕೆಲಸ ನಿಂತದ್ದಕ್ಕೆ ಯುದ್ಧವೂ ಕಾರಣ, ಊರು ಬಿಟ್ಟದ್ದೂ ಕಾರಣ.

ಆದ್ದರಿಂದ ನೀನೂ ಲಿಯೊನಾರ್ಡೊ ಆಗುತ್ತೀಯ ಎಂದು ಮಗನಿಗೆ ನಾನು ಹೇಳಲಿಲ್ಲ. ಇರುವ ಹೊರೆಯ ಮೇಲೆ ಅದೊಂದು ಏಕೆ? ಚಿಕಿತ್ಸೆ ನಡೆಸಿದೆವು. ಅವನ ಅರ್ಧಂಬರ್ಧ ಚಿತ್ರಗಳನ್ನು ರದ್ದಿಗೆ ಹಾಕುವುದನ್ನು ಮಾತ್ರ ನಿಲ್ಲಿಸಿದೆ. 1481ರ ಆ ಮುಗಿಯದ ಚಿತ್ರ ಇಂದು ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯದಲ್ಲಿದೆ. ಅಂದು ಯಾರೋ ಅದನ್ನು ಎಸೆಯದೆ ಇಟ್ಟುಕೊಂಡಿದ್ದರಲ್ಲ!