ಗಿಡದ ಬಾಯಾರಿಕೆ ಅಳೆಯಲು ಇಲಿಯ ಪ್ರತಿಕಾಯ: ಸೀಸರ್ ಮಿಲ್‌ಸ್ಟೈನ್ ಬದುಕು

ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಕೊಟ್ಟೂರು ಕಡೆಯ ಮೆಕ್ಕೆಜೋಳದ ಹೊಲವನ್ನು ಮಧ್ಯಾಹ್ನದ ಹೊತ್ತು ನೋಡಿದವರಿಗೆ ಗೊತ್ತು: ಎಲೆಗಳು ಸುರುಳಿ ಸುತ್ತಿಕೊಂಡು ನಿಂತಿರುತ್ತವೆ. ಒದ್ದೆ ಬಟ್ಟೆ ಬಿಸಿಲಿಗೆ ಒಣಗಿದ ಹಾಗೆ ಗಿಡವೂ ಸುಮ್ಮನೆ ಒಣಗುತ್ತದೆ ಎಂದೇ ನಮ್ಮಲ್ಲಿ ಹಲವರ ನಂಬಿಕೆ. ಅದು ಪೂರ್ತಿ ನಿಜವಲ್ಲ. ಬೇರಿಗೆ ನೀರು ಕಡಿಮೆಯಾಗುತ್ತಿದ್ದಂತೆ ಗಿಡ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನನ್ನು ಹೆಚ್ಚು ತಯಾರಿಸುತ್ತದೆ. ಅದು ಎಲೆಯ ಮೇಲಿನ ಸಣ್ಣ ಬಾಯಿಗಳನ್ನು, ಅಂದರೆ ಪತ್ರರಂಧ್ರಗಳನ್ನು, ಮುಚ್ಚಿಸುತ್ತದೆ. ನೀರೇನೋ ಉಳಿಯುತ್ತದೆ, ಆದರೆ ಅದೇ ಬಾಯಿಂದ ಒಳಬರಬೇಕಾದ ಕಾರ್ಬನ್ ಡೈಆಕ್ಸೈಡ್ ಕೂಡ ಹೊರಗೇ ಉಳಿಯುತ್ತದೆ. ಬಾಯಿ ಎಷ್ಟು ಬೇಗ ಮುಚ್ಚಬೇಕು, ಎಷ್ಟು ಹೊತ್ತು ಮುಚ್ಚಿರಬೇಕು ಎಂಬುದರ ಮೇಲೆ ಗಿಡ ಬದುಕುವುದೂ ಕಾಳು ಕಟ್ಟುವುದೂ ನಿಂತಿದೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿಯ ಮಳೆಯಾಶ್ರಿತ ಹೊಲಗಳಿಗೆ ಇದು ಪಠ್ಯಪುಸ್ತಕದ ಪ್ರಶ್ನೆಯಲ್ಲ.

ಈ ಹಾರ್ಮೋನನ್ನು ಅಳೆಯುವ ಕೆಲಸವನ್ನು ಸುಲಭ ಮಾಡಿದ ಸಾಧನದ ಹಿಂದೆ, ಗಿಡಗಳ ಬಗ್ಗೆ ಕೆಲಸವನ್ನೇ ಮಾಡದ ಒಬ್ಬ ವಿಜ್ಞಾನಿಯಿದ್ದಾರೆ. ಅವರು ಸೀಸರ್ ಮಿಲ್‌ಸ್ಟೈನ್.

1927ರ ಅಕ್ಟೋಬರ್ 8ರಂದು ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ವಲಸೆ ಬಂದ ಯಹೂದಿ, ತಾಯಿ ಶಾಲಾ ಶಿಕ್ಷಕಿ. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಓದಿಗೆ ಮಾತ್ರ ಕೊರತೆ ಮಾಡಲಿಲ್ಲ. ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ರಾಜಕೀಯದಲ್ಲೂ ಮುಳುಗಿದ್ದರು. 1953ರಲ್ಲಿ ಸೆಲಿಯಾ ಅವರನ್ನು ಮದುವೆಯಾಗಿ, ಸುಮಾರು ಒಂದು ವರ್ಷ ಇಬ್ಬರೂ ದಾರಿಯಲ್ಲಿ ಸಿಕ್ಕ ವಾಹನಗಳಿಗೆ ಕೈತೋರಿಸಿ ಹತ್ತಿಕೊಂಡು ಯುರೋಪ್ ಸುತ್ತಿದರು. ಪಿಎಚ್‌ಡಿ ಆಮೇಲೆ. ಕೇಂಬ್ರಿಜ್‌ಗೆ ಹೋಗಿ ಎರಡನೆಯ ಪಿಎಚ್‌ಡಿಯನ್ನೂ ಪಡೆದರು. ಅಲ್ಲಿ ಪ್ರೋಟೀನ್‌ಗಳ ರಚನೆ ಬಿಡಿಸಿದ ಫ್ರೆಡ್ ಸ್ಯಾಂಗರ್ ಅವರ ಜೊತೆ ಕೆಲಸ ಮಾಡಿದರು.

1961ರಲ್ಲಿ ಊರಿಗೆ ಮರಳಿ, ಬ್ಯೂನಸ್ ಐರಿಸ್‌ನ ಮಾಲ್ಬ್ರಾನ್ ಸಂಸ್ಥೆಯಲ್ಲಿ ಹೊಸ ವಿಭಾಗ ಕಟ್ಟತೊಡಗಿದರು. ಮರುವರ್ಷವೇ ಸೈನಿಕ ದಂಗೆಯಾಯಿತು. ಸಂಸ್ಥೆಯ ನಿರ್ದೇಶಕರನ್ನು ಕಿತ್ತುಹಾಕಿದರು. ಮಿಲ್‌ಸ್ಟೈನ್ ರಾಜೀನಾಮೆ ಕೊಟ್ಟು 1963ರಲ್ಲಿ ಮತ್ತೆ ಕೇಂಬ್ರಿಜ್ ಸೇರಿದರು. ಆ ದಂಗೆ ಆಗದಿದ್ದರೆ ಅವರು ಪ್ರತಿಕಾಯಗಳ ಕಡೆ ಬರುತ್ತಿದ್ದರೋ ಇಲ್ಲವೋ ಹೇಳಲಾಗದು, ಏಕೆಂದರೆ ಆ ವಿಷಯ ಹಿಡಿಯಲು ಸೂಚಿಸಿದ್ದು ಸ್ಯಾಂಗರ್, ಅದೂ ಈ ಎರಡನೆಯ ಬರುವಿಕೆಯಲ್ಲಿ.

ಇಲ್ಲಿ ಒಂದು ಗೊಂದಲ ಬಗೆಹರಿಸೋಣ. ಪ್ರತಿಕಾಯ ಎಂದಕೂಡಲೇ ಗಿಡಗಳಲ್ಲೂ ಅವು ಇರಬಹುದೆಂದು ಕೆಲವರು ಭಾವಿಸುತ್ತಾರೆ. ಇಲ್ಲ. ರೋಗದ ವಿರುದ್ಧ ಗಿಡಗಳಿಗೆ ಬೇರೆ ಏರ್ಪಾಡುಗಳಿವೆ. ಪ್ರತಿಕಾಯ ತಯಾರಿಸುವುದು ನಮ್ಮಂಥ ಬೆನ್ನೆಲುಬಿನ ಪ್ರಾಣಿಗಳ ರಕ್ತಕಣಗಳು. ಮೊಲಕ್ಕೋ ಇಲಿಗೋ ಒಂದು ಹೊರವಸ್ತುವನ್ನು ಚುಚ್ಚಿದರೆ, ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯಗಳು ರಕ್ತದಲ್ಲಿ ಬರುತ್ತವೆ. ಆದರೆ ಅದು ಹತ್ತಾರು ಬಗೆಯ ಪ್ರತಿಕಾಯಗಳ ಮಿಶ್ರಣ. ಆ ಪ್ರಾಣಿ ಸತ್ತರೆ ದಾಸ್ತಾನು ಮುಗಿಯಿತು, ಮುಂದಿನ ಪ್ರಾಣಿಯದು ಬೇರೆಯೇ ಮಿಶ್ರಣ. ಒಂದು ಪ್ರಯೋಗಾಲಯದ ಅಳತೆಯನ್ನು ಇನ್ನೊಂದರ ಜೊತೆ ಹೋಲಿಸುವುದೇ ಕಷ್ಟವಾಗಿತ್ತು.

1974ರಲ್ಲಿ ಜರ್ಮನಿಯ ಯುವಕ ಜಾರ್ಜ್ ಕೋಲರ್ ಮಿಲ್‌ಸ್ಟೈನ್ ಅವರ ಪ್ರಯೋಗಾಲಯ ಸೇರಿದರು. ಇಬ್ಬರೂ ಮಾಡಿದ್ದು ಇಷ್ಟು. ಕುರಿಯ ಕೆಂಪು ರಕ್ತಕಣ ಚುಚ್ಚಿದ ಇಲಿಯ ಗುಲ್ಮದಿಂದ ಪ್ರತಿಕಾಯ ತಯಾರಿಸುವ ಕಣಗಳನ್ನು ತೆಗೆದರು. ಇವು ಗಾಜಿನ ತಟ್ಟೆಯಲ್ಲಿ ಕೆಲವೇ ದಿನ ಬದುಕುತ್ತವೆ. ಇನ್ನೊಂದು ಕಡೆ ಸಾವಿಲ್ಲದೆ ಬೆಳೆಯುವ, ಇಲಿಯದೇ ಕ್ಯಾನ್ಸರ್ ಕಣಗಳು. ಎರಡನ್ನೂ ಬೆಸೆದು, ಕ್ಯಾನ್ಸರ್ ಕಣ ಒಂಟಿಯಾಗಿ ಬದುಕಲಾಗದ ಆಹಾರದಲ್ಲಿ ಬೆಳೆಸಿದರು. ಬೆಸೆದುಕೊಂಡವು ಮಾತ್ರ ಉಳಿದವು. ಅವುಗಳಲ್ಲಿ ಒಂದೊಂದನ್ನೇ ಬೇರ್ಪಡಿಸಿ ಬೆಳೆಸಿದರೆ, ಒಂದೇ ಬಗೆಯ ಪ್ರತಿಕಾಯ, ಬೇಕಾದಷ್ಟು, ಬೇಕೆಂದಾಗ. 1975ರ ಆಗಸ್ಟ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಈ ವಿಧಾನಕ್ಕೆ ಮಾನೋಕ್ಲೋನಲ್ ಪ್ರತಿಕಾಯ ಎಂಬ ಹೆಸರು ನಿಂತಿತು.

ಇದಕ್ಕೆ ಪೇಟೆಂಟ್ ಆಗಲಿಲ್ಲ. ವಿಷಯ ಅಧಿಕಾರಿಗಳ ಗಮನಕ್ಕೆ ಹೋಗಿತ್ತು, ಆದರೆ ಇದರ ನೇರ ಉಪಯೋಗ ಬ್ರಿಟನ್ನಿನ ಸರ್ಕಾರಿ ಸಂಸ್ಥೆಗೆ ಕಾಣಲಿಲ್ಲ. ಮಿಲ್‌ಸ್ಟೈನ್ ಕೇಳಿದವರಿಗೆಲ್ಲ ಕಣಗಳನ್ನು ಕಳಿಸಿಕೊಟ್ಟರು. ಹಾಗೆ ಹೋದ ಕಣಗಳನ್ನು ಬಳಸಿಯೇ ಅಮೆರಿಕದ ವಿಸ್ಟಾರ್ ಸಂಸ್ಥೆಯವರು ಕೆಲವು ಪ್ರತಿಕಾಯಗಳಿಗೆ ಪೇಟೆಂಟ್ ಪಡೆದರು. ಬ್ರಿಟನ್ನಿನಲ್ಲಿ ಇದು ದೊಡ್ಡ ನಷ್ಟವೆಂದು ಗದ್ದಲವಾಯಿತು. ನಮಗೇನೋ ಆ ಬಿಟ್ಟಿ ಹಂಚಿಕೆಯಿಂದ ಆದ ಲಾಭವೇ ದೊಡ್ಡದೆನಿಸುತ್ತದೆ. ಔಷಧದಲ್ಲಿ ದುಡ್ಡಿದೆ, ಗಿಡದ ಹಾರ್ಮೋನಿನಲ್ಲಿ ಆಗ ಏನಿತ್ತು?

ಆದರೂ ಗಿಡದವರು ಇದನ್ನು ಹಿಡಿದುಕೊಂಡರು. ಅಬ್ಸಿಸಿಕ್ ಆಮ್ಲ ಬಹಳ ಚಿಕ್ಕ ಅಣು, ಚುಚ್ಚಿದರೆ ಇಲಿಯ ದೇಹ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನೊಂದು ದೊಡ್ಡ ಪ್ರೋಟೀನ್‌ಗೆ ಕಟ್ಟಿ ಚುಚ್ಚಬೇಕು. ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯ ಕ್ವಾರಿ ಮತ್ತು ಮಿಲ್‌ಸ್ಟೈನ್ ಜೊತೆ ಕೆಲಸ ಮಾಡಿದ್ದ ಗಾಲ್ಫ್ರೆ 1985ರಲ್ಲಿ ಇದರ ಮಾನೋಕ್ಲೋನಲ್ ಪ್ರತಿಕಾಯಗಳ ಕುರಿತು ಬರೆದರು. 1988ರ ಹೊತ್ತಿಗೆ ಅಂಥ ಪ್ರತಿಕಾಯದಿಂದ, ಎಲೆಯ ರಸವನ್ನು ಹೆಚ್ಚು ಶುದ್ಧೀಕರಿಸದೆಯೇ ಹಾರ್ಮೋನಿನ ಪ್ರಮಾಣ ಅಳೆಯುವುದು ಸಾಧ್ಯವಾಗಿತ್ತು. ಬರದಲ್ಲಿ ಯಾವ ತಳಿ ಎಷ್ಟು ಹಾರ್ಮೋನು ತಯಾರಿಸುತ್ತದೆ ಎಂದು ನೂರಾರು ಗಿಡಗಳಲ್ಲಿ ನೋಡುವುದಕ್ಕೆ ಇಂಥದೇ ಬೇಕು.

ಹಾರ್ಮೋನು ಅಳೆದದ್ದಾಯಿತು. ಅದು ಹೋಗಿ ಕೂರುವ ಪ್ರೋಟೀನ್, ಅಂದರೆ ಗ್ರಾಹಿ, ಯಾವುದು? ಇಲ್ಲೂ ಪ್ರತಿಕಾಯದ ಒಂದು ಜಾಣ ಉಪಾಯವಿತ್ತು. ಬೆಲ್ಲದಚ್ಚು ನೆನಪಿಸಿಕೊಳ್ಳಿ. ಹಾರ್ಮೋನಿಗೆ ಅಂಟುವ ಪ್ರತಿಕಾಯದಲ್ಲಿ ಹಾರ್ಮೋನಿನ ಆಕಾರದ ಗುಳಿ ಇರುತ್ತದೆ. ಆ ಗುಳಿಗೆ ಅಂಟುವ ಎರಡನೆಯ ಪ್ರತಿಕಾಯ ತಯಾರಿಸಿದರೆ, ಅದು ಹಾರ್ಮೋನನ್ನೇ ಹೋಲಬಹುದು, ಗ್ರಾಹಿಯನ್ನು ಹುಡುಕಿ ಹಿಡಿಯಬಹುದು. ಕೆನಡಾದ ತಂಡವೊಂದು ಈ ದಾರಿಯಲ್ಲಿ ಬಾರ್ಲಿಯಲ್ಲಿ ಒಂದು ಪ್ರೋಟೀನ್ ಹಿಡಿದು 2004ರಲ್ಲಿ ಪ್ರಕಟಿಸಿತು. ಅದರ ಜಾಡಿನಲ್ಲೇ 2006ರಲ್ಲಿ, ಸಾಸಿವೆ ಬಳಗದ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಗ್ರಾಹಿ ಸಿಕ್ಕಿತೆಂದು ನೇಚರ್‌ನಲ್ಲಿ ಘೋಷಿಸಿತು. ನ್ಯೂಜಿಲೆಂಡಿನ ವಿಜ್ಞಾನಿಗಳು ಪ್ರಯೋಗವನ್ನು ಮತ್ತೆ ಮಾಡಿದಾಗ ಹಾರ್ಮೋನು ಆ ಪ್ರೋಟೀನ್‌ಗೆ ಅಂಟಲೇ ಇಲ್ಲ. 2008ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆದರು. ಪ್ರತಿಕಾಯ ಒಂದು ಪ್ರೋಟೀನ್‌ಗೆ ಅಂಟಿತು ಎಂದಮಾತ್ರಕ್ಕೆ ಆ ಪ್ರೋಟೀನ್ ಗಿಡದೊಳಗೆ ಹಾರ್ಮೋನಿನ ಮಾತು ಕೇಳುತ್ತದೆ ಎಂದಾಗುವುದಿಲ್ಲ. ಅದಕ್ಕೆ ಬೇರೆ ಬೇರೆ ದಾರಿಗಳಿಂದ ಸಾಕ್ಷಿ ಬೇಕು.

ಮಿಲ್‌ಸ್ಟೈನ್ ಇದನ್ನೆಲ್ಲ ನೋಡಲಿಲ್ಲ. 1984ರಲ್ಲಿ ಕೋಲರ್ ಮತ್ತು ನೀಲ್ಸ್ ಯೆರ್ನೆ ಜೊತೆ ನೊಬೆಲ್ ಪಡೆದ ಮೇಲೂ ಪ್ರತಿಕಾಯಗಳ ಕೆಲಸ ಬಿಡಲಿಲ್ಲ, ಹಿಂದುಳಿದ ದೇಶಗಳ ವಿಜ್ಞಾನಿಗಳಿಗೆ ನೆರವಾಗುತ್ತಿದ್ದರು. ಕೋಲರ್ 1995ರಲ್ಲಿ 48ನೇ ವಯಸ್ಸಿಗೇ ತೀರಿಕೊಂಡರು. ಮಿಲ್‌ಸ್ಟೈನ್ 2002ರ ಮಾರ್ಚ್ 24ರಂದು ಕೇಂಬ್ರಿಜ್‌ನಲ್ಲಿ ಕಣ್ಮುಚ್ಚಿದಾಗ 74 ವರ್ಷ. ಅದಾಗಿ ಏಳು ವರ್ಷಕ್ಕೆ, 2009ರಲ್ಲಿ, ಕ್ಯಾಲಿಫೋರ್ನಿಯಾದ ಮತ್ತು ಮ್ಯೂನಿಕ್‌ನ ಎರಡು ತಂಡಗಳು ಅಬ್ಸಿಸಿಕ್ ಆಮ್ಲದ ನಿಜವಾದ ಗ್ರಾಹಿಗಳನ್ನು ಕಂಡುಹಿಡಿದವು. ಅವು ಸಿಕ್ಕಿದ್ದು ಪ್ರತಿಕಾಯದ ಬಲೆಯಲ್ಲಲ್ಲ. ಆ ಗ್ರಾಹಿಗಳು ಗಿಡದ ಯಾವ ಭಾಗದಲ್ಲಿ, ಎಷ್ಟು ಇವೆ ಎಂದು ನೋಡಬೇಕೆಂದರೆ ಮಾತ್ರ ಈಗಲೂ ಪ್ರತಿಕಾಯಗಳನ್ನು ಬಳಸುತ್ತಾರೆ.