ದಾರಿ ಹಾಕಿಸಿದ ಕಬ್ಬನ್

ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಬಸ್ಸು ಕುಣಿಗಲ್ಲನ್ನು ದಾಟಿ ಚನ್ನರಾಯಪಟ್ಟಣವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಹಾಸನ. ಹಾಸನದಲ್ಲಿ ದಾರಿಗಳು ಕವಲೊಡೆಯುತ್ತವೆ. ಒಂದು ಹೊಳೆನರಸೀಪುರದ ಮೇಲೆ ಮೈಸೂರಿನ ಕಡೆಗೂ, ಇನ್ನೊಂದು ಅರಕಲಗೂಡಿನ ಕಡೆಗೂ ತಿರುಗುತ್ತವೆ. ಮತ್ತೊಂದು ಸಕಲೇಶಪುರವನ್ನು ಹಾದು, ಘಟ್ಟವನ್ನಿಳಿದು, ಕಡಲತೀರವನ್ನು ಮುಟ್ಟುತ್ತದೆ. ಬೆಳಗ್ಗೆ ಬೆಂಗಳೂರಿನಲ್ಲಿ ಬಸ್ಸು ಹತ್ತಿದವನು ಅಂದೇ ಸಂಜೆಯೊಳಗೆ ಮಂಗಳೂರಿನಲ್ಲಿರುತ್ತಾನೆ. ಇದರಲ್ಲಿ ಇಂದು ಯಾರಿಗೂ ಆಶ್ಚರ್ಯವೆನಿಸುವುದಿಲ್ಲ.

ಇನ್ನೂರು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ಆಗ ಈ ನಾಡಿನಲ್ಲಿ ದಾರಿಯೆಂದರೆ ಬಹುಮಟ್ಟಿಗೆ ದನಗಳ ಗೊರಸೂ ಜನಗಳ ಕಾಲೂ ತುಳಿದು ಮಾಡಿದ ಜಾಡು. ಬೇಸಗೆಯಲ್ಲಿ ಅದು ಮೊಣಕಾಲುದ್ದ ಧೂಳು. ಮಳೆಗಾಲದಲ್ಲಿ ಕೆಸರಿನ ಹೊಂಡ. ಹೇಮಾವತಿ ತುಂಬಿ ಹರಿದಾಗ ಈ ದಡದವರು ಆ ದಡವನ್ನು ಸೇರಲು ಹರಿಗೋಲನ್ನು ನಂಬಬೇಕು. ಅಂಬಿಗನು ಒಪ್ಪದಿದ್ದರೆ ನೀರು ಇಳಿಯುವವರೆಗೆ ಕಾಯಬೇಕು. ಗಾಡಿಗಳು ಇದ್ದುವಾದರೂ ವಿರಳ. ಸರಕುಗಳು ಹೆಚ್ಚಾಗಿ ಹೇರೆತ್ತುಗಳ ಬೆನ್ನಿನ ಮೇಲೆ ಸಾಗುತ್ತಿದ್ದುವು. ಲಂಬಾಣಿಗರ ಹಿಂಡು ಹಿಂಡು ಎತ್ತುಗಳು ಕರಾವಳಿಯಿಂದ ಉಪ್ಪನ್ನು ಹೊತ್ತು ಘಟ್ಟವನ್ನೇರುತ್ತಿದ್ದುವು. ಹಿಂದಿರುಗುವಾಗ ಧಾನ್ಯವನ್ನು ಹೊತ್ತು ಇಳಿಯುತ್ತಿದ್ದುವು. ಬೆನ್ನಿನ ಇಕ್ಕೆಲದಲ್ಲಿ ಒಂದೊಂದು ಮೂಟೆಯನ್ನು ಹೊರುವ ಎತ್ತು, ಜೊತೆಯೊಡನೆ ನೊಗಕ್ಕೆ ಕೊರಳು ಕೊಟ್ಟರೆ ಅದರ ಹಲವು ಪಟ್ಟು ಭಾರವನ್ನು ಎಳೆಯಬಲ್ಲುದು. ಆದರೆ ಗಾಡಿ ಉರುಳಲು ಗಟ್ಟಿಯಾದ ನೆಲ ಬೇಕು. ಆ ನೆಲವೇ ಇರಲಿಲ್ಲ. ಒಂದು ಸೀಮೆಯಲ್ಲಿ ರಾಗಿ ಕಣಜ ತುಂಬಿ ಹುಳು ಹಿಡಿಯುತ್ತಿದ್ದರೆ ಅಲ್ಲಿಂದ ಮೂವತ್ತು ಹರದಾರಿ ದೂರದಲ್ಲಿ ಜನ ಹಸಿದು ಕೂರುವುದು ಆ ಕಾಲದಲ್ಲಿ ಅಸಂಭವವಾಗಿರಲಿಲ್ಲ.

ಈ ಸ್ಥಿತಿಯನ್ನು ಬದಲಾಯಿಸುವುದಕ್ಕೆ ತಮ್ಮ ಬಾಳಿನ ಇಪ್ಪತ್ತೇಳು ವರ್ಷಗಳನ್ನು ತೆತ್ತವರು ಸರ್ ಮಾರ್ಕ್ ಕಬ್ಬನ್. ಅವರ ಹೆಸರನ್ನು ಕೇಳಿದೊಡನೆ ಎಲ್ಲರಿಗೂ ನೆನಪಾಗುವುದು ಬೆಂಗಳೂರಿನ ಉದ್ಯಾನ. ಆದರೆ ಅವರ ನಿಜವಾದ ಕೆಲಸವಿರುವುದು ಉದ್ಯಾನದಲ್ಲಲ್ಲ, ದಾರಿಗಳಲ್ಲಿ.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಸಮುದ್ರದಲ್ಲಿ ಮಾನ್ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿಯ ಮಾಗೋಲ್ಡ್ ಎಂಬ ಗ್ರಾಮದ ಪಾದ್ರಿಯೊಬ್ಬರ ಮಗನಾಗಿ ಕಬ್ಬನ್ 1775ರಲ್ಲಿ ಜನಿಸಿದರು. ಮೈಸೂರಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದ ಮಾರ್ಕ್ ವಿಲ್ಕ್ಸ್ ಅವರಿಗೆ ಸೋದರಮಾವನಾಗಬೇಕು. ಸಣ್ಣ ದ್ವೀಪದ ಬಡ ಪಾದ್ರಿಯ ಮಕ್ಕಳಿಗೆ ಆಗ ಈಸ್ಟ್ ಇಂಡಿಯಾ ಕಂಪೆನಿಯ ಚಾಕರಿ ದೊಡ್ಡ ಭಾಗ್ಯ. ಕಬ್ಬನ್ 1800ರಲ್ಲಿ ಮದರಾಸಿನ ಸೈನ್ಯಕ್ಕೆ ಸೇರಿ ಹಿಂದೂಸ್ಥಾನಕ್ಕೆ ಹೊರಟರು. ಹೊರಟವರು ಮತ್ತೆ ಹುಟ್ಟೂರಿನ ಮುಖವನ್ನು ಕಾಣಲಿಲ್ಲ.

ಅದೇ 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರೂ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಪ್ರವೇಶಿಸಿದರು. ಟಿಪ್ಪುಸುಲ್ತಾನನ ಪತನಾನಂತರ ಈ ನಾಡಿನ ಬೆಳೆ, ಕಸುಬು, ಜನಜೀವನಗಳನ್ನು ಕಂಡು ವರದಿ ಮಾಡುವುದು ಅವರಿಗೆ ಒಪ್ಪಿಸಿದ ಕೆಲಸ. ಊರೂರು ಅಲೆದು ಅವರು ಬರೆದಿಟ್ಟ ಪ್ರವಾಸದ ಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಕಬ್ಬನ್ನರು ಕೈಯಿಟ್ಟ ನಾಡು ಮೊದಲು ಹೇಗಿತ್ತೆಂಬುದನ್ನು ಅರಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ದೊರೆಯುವುದು ಕಷ್ಟ.

ಕಬ್ಬನ್ ಸೈನಿಕರಾಗಿದ್ದರೂ ಅವರ ಬಹುಕಾಲ ಕಳೆದುದು ಕತ್ತಿ ಹಿರಿಯುವುದರಲ್ಲಲ್ಲ. ಸೈನ್ಯಕ್ಕೆ ಬೇಕಾದ ಅಕ್ಕಿ, ಹುಲ್ಲು, ಡೇರೆ, ಎತ್ತುಗಳನ್ನು ಒದಗಿಸುವ ಸರಬರಾಜು ಇಲಾಖೆಯಲ್ಲಿ. ಇದು ಹೊಗಳಿಕೆಗೆ ದೂರವಾದ ಕೆಲಸ. ಗೆದ್ದ ದಳಪತಿಯ ಹೆಸರು ಉಳಿಯುತ್ತದೆ. ಅವನ ಸೈನಿಕರಿಗೆ ಹೊತ್ತಿಗೆ ಸರಿಯಾಗಿ ಅನ್ನ ಮುಟ್ಟಿಸಿದವನನ್ನು ಯಾರೂ ಕೇಳುವುದಿಲ್ಲ. ಆದರೆ ಸಾಗಣೆಯ ರಹಸ್ಯವನ್ನು ಕಲಿಯುವುದಕ್ಕೆ ಅದಕ್ಕಿಂತ ಮಿಗಿಲಾದ ಪಾಠಶಾಲೆಯಿಲ್ಲ.

ಆ ಇಲಾಖೆಯ ವಶಕ್ಕೆ ಆಗ ಬಂದಿದ್ದುದು ಮೈಸೂರಿನ ಪ್ರಸಿದ್ಧ ಅಮೃತಮಹಲ್ ದನಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಆರಂಭವಾಗಿ, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆದ ಈ ತಳಿ ನೋಡಲು ಸಣಕಲಾದರೂ ನಡಿಗೆಯಲ್ಲಿ ಅಸಾಧ್ಯವಾದುದು. ಚಿದಂಬರವನ್ನು ಉಳಿಸಿಕೊಳ್ಳಲು ಹೈದರಾಲಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದನಷ್ಟೆ; ಅವನ ಫಿರಂಗಿಗಳನ್ನು ಎಳೆದುವು ಈ ಎತ್ತುಗಳೇ. ಅವು ಮೇಯುತ್ತಿದ್ದ ಕಾವಲುಗಳಲ್ಲಿ ಹಲವು ಇಂದಿನ ಹಾಸನ ಜಿಲ್ಲೆಯಲ್ಲಿಯೇ ಇದ್ದುವು. ನಾಡಿನಲ್ಲಿ ಇಂತಹ ಎತ್ತುಗಳಿದ್ದೂ ಅವು ಗಾಡಿಯೆಳೆಯಲು ದಾರಿಯಿಲ್ಲವೆಂಬುದು ಸರಬರಾಜಿನ ಲೆಕ್ಕ ಬರೆಯುವವರ ಕಣ್ಣಿಗೆ ಬೀಳದಿರಲು ಸಾಧ್ಯವೇ?

1830ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ಅದನ್ನು ನೆವವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯದ ಆಡಳಿತವನ್ನು ತೆಗೆದುಕೊಂಡನು. ದಂಗೆಯ ಕಾರಣಗಳನ್ನು ವಿಚಾರಿಸಿದ ಸಮಿತಿಯಲ್ಲಿ ಕಬ್ಬನ್ನರೂ ಒಬ್ಬರು. 1834ರಲ್ಲಿ, ಸುಮಾರು ಅರವತ್ತರ ವಯಸ್ಸಿನಲ್ಲಿ, ಅವರು ಮೈಸೂರಿನ ಕಮಿಷನರಾದರು. ಇತರರು ವಿಶ್ರಾಂತಿಯನ್ನು ಬಯಸುವ ಕಾಲಕ್ಕೆ ಅವರ ಮುಖ್ಯ ಕೆಲಸ ಆರಂಭವಾಯಿತು. ರಾಜ್ಯವನ್ನು ಹಿಂದಿರುಗಿಸಬೇಕೆಂದು ಮಹಾರಾಜರು ಬಾಳಿನುದ್ದಕ್ಕೂ ಬರೆದ ಮನವಿಗಳಿಗೆ ಕಬ್ಬನ್ನರ ಬೆಂಬಲ ದೊರೆಯಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಅವರು ಪರಕೀಯ ಪ್ರಭುತ್ವದ ಸೇವಕರು. ಆ ಪ್ರಭುತ್ವದ ಹಿತವನ್ನು ಅವರು ಎಂದೂ ಮರೆಯಲಿಲ್ಲ. ಆದರೂ ಕಚೇರಿಗಳಲ್ಲಿ ಕನ್ನಡ ಮತ್ತು ಮರಾಠಿಗಳಲ್ಲಿಯೇ ವ್ಯವಹಾರ ನಡೆಯಲು ಬಿಟ್ಟರು. ತಾಲ್ಲೂಕುಗಳ ಆಡಳಿತವನ್ನು ಈ ದೇಶದ ಅಧಿಕಾರಿಗಳಿಗೇ ಒಪ್ಪಿಸಿದರು. ಹಳೆಯದನ್ನು ಬುಡಮೇಲು ಮಾಡುವ ಆತುರ ಅವರಿಗಿರಲಿಲ್ಲ.

ದಾರಿ ಹಾಕುವುದಕ್ಕೆ ಮೊದಲು ಅವರು ತೆಗೆಯಬೇಕಾಗಿದ್ದ ತಡೆ ಮಣ್ಣಿನದಲ್ಲ, ಸುಂಕದ್ದು. ಆಗ ಸಾಯರ್ ಎಂಬ ಹೆಸರಿನ ತೆರಿಗೆ ಗುತ್ತಿಗೆದಾರರ ಕೈಯಲ್ಲಿತ್ತು. ಸರಕನ್ನು ಹೊತ್ತ ಎತ್ತು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಕಾಲಿಟ್ಟರೆ ಅಲ್ಲೊಂದು ಸುಂಕದ ಕಟ್ಟೆ. ಮೂಟೆಯನ್ನು ಇಳಿಸಬೇಕು, ಬಿಚ್ಚಿ ತೋರಿಸಬೇಕು, ಹಣವನ್ನು ತೆತ್ತು ಮತ್ತೆ ಹೇರಬೇಕು. ಸುಂಕದಕಟ್ಟೆ ಎಂಬ ಹೆಸರಿನ ಊರುಗಳು ಕನ್ನಡನಾಡಿನಲ್ಲಿ ಈಗಲೂ ಇವೆ. ಹೀಗೆ ಹತ್ತು ಕಡೆ ಸುಂಕ ತೆತ್ತ ಬೆಲ್ಲ ಸಂತೆಯನ್ನು ಮುಟ್ಟುವ ವೇಳೆಗೆ ಎಷ್ಟು ತುಟ್ಟಿಯಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಇವಲ್ಲದೆ ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಹಿಂದೆಂದೋ ಒಬ್ಬ ಪಾಳೆಯಗಾರನ ಕುದುರೆ ತಪ್ಪಿಸಿಕೊಂಡಾಗ ಅದನ್ನು ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆತಲಾಂತರವಾಗಿ ಕಾಣಿಕೆ ತೆರುತ್ತಿದ್ದರಂತೆ. ನಗರ ಪ್ರಾಂತದ ಒಂದು ಸ್ಥಳದಲ್ಲಂತೂ ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ಬೀಸಿಕೊಂಡು ನಡೆದವನು ಅದಕ್ಕಾಗಿ ಹಣ ಕೊಡಬೇಕಾಗಿತ್ತು! ದಾರಿಯಲ್ಲಿ ಕೈಬೀಸಿ ನಡೆಯುವುದಕ್ಕೂ ಸ್ವಾತಂತ್ರ್ಯವಿಲ್ಲದ ನಾಡಿನಲ್ಲಿ ವ್ಯಾಪಾರ ಬೆಳೆಯುವುದೆಂತು?

ಇಂತಹ ಚಿಲ್ಲರೆ ತೆರಿಗೆಗಳಲ್ಲಿ 769ನ್ನು ಕಬ್ಬನ್ನರ ಆಡಳಿತ ಒಂದೊಂದಾಗಿ ಕಿತ್ತುಹಾಕಿತು. ಬೊಕ್ಕಸಕ್ಕೆ ಇದರಿಂದ ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗೂ ಮೀರಿದ ನಷ್ಟ. ಮೈಸೂರು ಆಗ ಕಂಪೆನಿಗೆ ಭಾರಿಯಾದ ವಾರ್ಷಿಕ ಕಾಣಿಕೆಯನ್ನು ತೆರುತ್ತಿದ್ದಿತು, ಸಾಲವೂ ಇತ್ತು. ಅಂತಹ ಹೊತ್ತಿನಲ್ಲಿ ಬರುವ ಹಣವನ್ನು ಬೇಡವೆನ್ನಲು ಧೈರ್ಯ ಬೇಕು. ದಾರಿ ತೆರೆದರೆ ವ್ಯಾಪಾರ ಹೆಚ್ಚಿ, ಬಿಟ್ಟ ಹಣ ಬೇರೆ ರೂಪದಲ್ಲಿ ಬಂದೀತೆಂಬುದು ಅವರ ಲೆಕ್ಕಾಚಾರ. ಅದು ಸುಳ್ಳಾಗಲಿಲ್ಲ.

ಇನ್ನು ದಾರಿಗಳ ವಿಷಯ. ಮಣ್ಣಿನ ಜಾಡಿನ ಮೇಲೆ ಗರಸನ್ನೋ ಒಡೆದ ಜಲ್ಲಿಯನ್ನೋ ಹರಡಿ, ದಮ್ಮಸ್ಸು ಮಾಡಿ, ನಡುವೆ ತುಸು ಉಬ್ಬಿರುವಂತೆ ನೋಡಿಕೊಂಡರೆ ಮಳೆಯ ನೀರು ನಿಲ್ಲದೆ ಇಕ್ಕೆಲಗಳ ಚರಂಡಿಗೆ ಹರಿಯುತ್ತದೆ. ರಸ್ತೆಯನ್ನು ಕೆಡಿಸುವುದು ಗಾಡಿಯ ಚಕ್ರಕ್ಕಿಂತ ಹೆಚ್ಚಾಗಿ ನಿಂತ ನೀರು. ಆದ್ದರಿಂದ ಹಳ್ಳವಿದ್ದೆಡೆಯಲ್ಲಿ ಮೋರಿ, ಹೊಳೆಯಿದ್ದೆಡೆಯಲ್ಲಿ ಸೇತುವೆ. ಬಿಸಿಲಿನಲ್ಲಿ ನಡೆಯುವ ಎತ್ತಿಗೂ ಮನುಷ್ಯನಿಗೂ ನೆರಳು ಬೇಕಲ್ಲವೆ? ಅದಕ್ಕಾಗಿ ಸಾಲುಮರಗಳು: ಆಲ, ಗೋಣಿ, ಹುಣಿಸೆ, ಮಾವು. 1831ರಿಂದ 1856ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಸುಮಾರು 1600 ಮೈಲಿ, ಎಂದರೆ 2500 ಕಿಲೋಮೀಟರಿಗೂ ಹೆಚ್ಚು ಉದ್ದದ ರಸ್ತೆಯೂ 300ಕ್ಕೂ ಮಿಕ್ಕ ಸೇತುವೆಗಳೂ ಆದುವು. ಬೆಂಗಳೂರಿನಿಂದ ಮದರಾಸಿನ ಕಡೆಗೆ, ಬಳ್ಳಾರಿಯ ಕಡೆಗೆ, ಧಾರವಾಡದ ಕಡೆಗೆ, ಘಟ್ಟಗಳನ್ನಿಳಿದು ಪಡುವಣ ಕರಾವಳಿಯ ಕಡೆಗೆ ಹೆದ್ದಾರಿಗಳು ಹರಿದುವು. 1856ರಲ್ಲಿ ಇದಕ್ಕೆಂದೇ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾಯಿತು. ಅಪ್ಪಣೆಯನ್ನು ಕೊಟ್ಟವರ ಹೆಸರು ಗ್ರಂಥಗಳಲ್ಲಿದೆ. ಬಿಸಿಲಿನಲ್ಲಿ ಕುಳಿತು ಜಲ್ಲಿ ಒಡೆದ ಸಹಸ್ರಾರು ಕೈಗಳು ಯಾರವೆಂಬುದು ಯಾವ ಗ್ರಂಥದಲ್ಲಿಯೂ ಇಲ್ಲ.

ಈ ದಾರಿಗಳ ಫಲವನ್ನು ಬೇಗನೆ ಕಂಡ ಸೀಮೆಗಳಲ್ಲಿ ಮಂಜರಾಬಾದು, ಎಂದರೆ ಇಂದಿನ ಸಕಲೇಶಪುರದ ಸುತ್ತಿನ ಮಲೆನಾಡು, ಮುಖ್ಯವಾದುದು. 1843ರಲ್ಲಿ ಅಲ್ಲಿ ಐರೋಪ್ಯರ ಕಾಫಿ ತೋಟ ಆರಂಭವಾಯಿತು. ಕಾಫಿಯ ಮೇಲೆ ಹಾಲತ್ ಎಂಬ ಸುಂಕವಿತ್ತು. ಅದನ್ನೂ ಕಬ್ಬನ್ನರು ಹಂತಹಂತವಾಗಿ ಇಳಿಸಿದರು. ಕಾಡಿನ ನಡುವೆ ಬೆಳೆದ ಬೀಜ ಕಡಲಾಚೆಯ ಪೇಟೆಯನ್ನು ಮುಟ್ಟಬೇಕಾದರೆ ಘಟ್ಟವನ್ನಿಳಿಯುವ ದಾರಿ ಬೇಕೇಬೇಕಷ್ಟೆ. ಲಾಭದ ದೊಡ್ಡ ಪಾಲು ತೋಟದ ದೊರೆಗಳಿಗೆ ಹೋಯಿತೆಂಬುದು ನಿಜ. ಆದರೆ ದಾರಿಯೆಂಬುದು ಒಮ್ಮೆ ಆದಮೇಲೆ ದೊರೆಯ ಗಾಡಿ, ರೈತನ ಗಾಡಿ ಎಂದು ಭೇದವೆಣಿಸುವುದಿಲ್ಲ. ಹೊಳೆನರಸೀಪುರದ ಭತ್ತಕ್ಕೂ ಅರಕಲಗೂಡು ಸೀಮೆಯ ರಾಗಿಗೂ ದೂರದ ಸಂತೆಗಳು ಹತ್ತಿರವಾದುವು. ಮುಂದೆ ಬಿ. ಎಲ್. ರೈಸರು ಹಾಸನ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1902ರಲ್ಲಿ ಪ್ರಕಟಿಸಿದಾಗ, ಚನ್ನರಾಯಪಟ್ಟಣದಂತಹ ತಾಲ್ಲೂಕುಗಳ ಮೂಲೆಮೂಲೆಯ ಕಲ್ಲುಗಳನ್ನು ತಲುಪುವುದು ಬುಕಾನನ್ನರ ಕಾಲದಷ್ಟು ದುಸ್ತರವಾಗಿರಲಿಲ್ಲ.

ಕಬ್ಬನ್ ಮದುವೆಯಾಗಲಿಲ್ಲ. ಕುದುರೆಗಳ ಮೇಲೆ ಅವರಿಗೆ ಬಹಳ ಪ್ರೀತಿ. ಬೇಸಗೆಯಲ್ಲಿ ನಂದಿಬೆಟ್ಟದ ಮೇಲಿನ ಮನೆ, ಉಳಿದ ಕಾಲದಲ್ಲಿ ಬೆಂಗಳೂರಿನ ಬಂಗಲೆ. ಮುಂದೆ ರಾಜಭವನವಾದುದು ಅದೇ. ಎಂಬತ್ತು ದಾಟಿದ ಮೇಲೂ ಅವರು ಕೆಲಸವನ್ನು ಬಿಟ್ಟವರಲ್ಲ. 1850ರ ದಶಕದಲ್ಲಿ ತಂತಿಯ ಕಂಬಗಳು ನೆಟ್ಟುವು. ದಶಕದ ಕೊನೆಗೆ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲುಹಾದಿಯ ಕೆಲಸವೂ ಆರಂಭವಾಯಿತು. 1860ರಲ್ಲಿ ಮೈಸೂರಿನ ಮೇಲ್ವಿಚಾರಣೆಯನ್ನು ಮದರಾಸು ಸರಕಾರಕ್ಕೆ ವಹಿಸುವ ಆಜ್ಞೆ ಹೊರಟಿತು. ಮೈಸೂರು ಮದರಾಸಿನ ಒಂದು ಮೂಲೆಯ ಜಿಲ್ಲೆಯಂತಾಗುವುದು ಕಬ್ಬನ್ನರಿಗೆ ಸಮ್ಮತವಾಗಲಿಲ್ಲ. ಅವರು ರಾಜೀನಾಮೆಯನ್ನು ಮುಂದಿಟ್ಟರು. ಬಹುಕಾಲದಿಂದ ಅವರೊಡನೆ ಭಿನ್ನಾಭಿಪ್ರಾಯವಿದ್ದ ಮಹಾರಾಜರೂ ಈ ಒಂದು ವಿಷಯದಲ್ಲಿ ಅದೇ ಪಕ್ಷವನ್ನು ಹಿಡಿದು ಪ್ರತಿಭಟಿಸಿದರು. ಆಜ್ಞೆ ಹಿಂದೆಗೆಯಲ್ಪಟ್ಟಿತು.

1861ರಲ್ಲಿ, ದೇಹ ಸೋತಮೇಲೆ, ಅವರು ಹುದ್ದೆಯನ್ನು ಬಿಟ್ಟು ಅರುವತ್ತು ವರ್ಷಗಳ ಬಳಿಕ ಸ್ವದೇಶಕ್ಕೆ ಹೊರಟರು. ಆಗ ಸೂಯೆಜ್ ಕಾಲುವೆ ಇನ್ನೂ ಆಗಿರಲಿಲ್ಲ; ಎರಡು ವರ್ಷಗಳ ಹಿಂದೆಯಷ್ಟೇ ಅಗೆತ ಮೊದಲಾಗಿತ್ತು. ಹಿಂದೂಸ್ಥಾನದಿಂದ ಹೋಗುವವರು ಸೂಯೆಜಿನಲ್ಲಿ ಹಡಗಿನಿಂದಿಳಿದು, ನೆಲದ ಮೇಲೆ ಈಜಿಪ್ಟನ್ನು ದಾಟಿ, ಅಲೆಗ್ಸಾಂಡ್ರಿಯದಲ್ಲಿ ಬೇರೊಂದು ಹಡಗನ್ನು ಹತ್ತಬೇಕಾಗಿತ್ತು. ಇಡೀ ಒಂದು ರಾಜ್ಯಕ್ಕೆ ದಾರಿ ಹಾಕಿಸಿದ ವೃದ್ಧರು ದಾರಿ ಮುಗಿಯದ ಆ ಊರಿನಲ್ಲಿಯೇ ಏಪ್ರಿಲ್ 23ರಂದು ಕಣ್ಣು ಮುಚ್ಚಿದರು. ಅವರ ದೇಹ ಮಾತ್ರ ಮಾಗೋಲ್ಡಿನ ಮಣ್ಣನ್ನು ಸೇರಿತು.

ಬೆಂಗಳೂರಿಗೆ ಮೊದಲ ರೈಲು ಬಂದುದು 1864ರಲ್ಲಿ. ಕುದುರೆಯ ಮೇಲೆ ಕುಳಿತ ಕಬ್ಬನ್ನರ ಪ್ರತಿಮೆ 1866ರಲ್ಲಿ ನಿಂತಿತು. ಅವರ ಹೆಸರಿನ ಉದ್ಯಾನವನ್ನು ಮುಖ್ಯ ಎಂಜಿನಿಯರ್ ಸ್ಯಾಂಕಿ ನಿರ್ಮಿಸಿದುದು 1870ರಲ್ಲಿ, ಅವರು ತೀರಿಕೊಂಡ ಒಂಬತ್ತು ವರ್ಷಗಳ ಮೇಲೆ. ಬಹುಕಾಲ ಹೈಕೋರ್ಟಿನ ಮುಂದೆ ಇದ್ದ ಪ್ರತಿಮೆಯನ್ನು 2020ರಲ್ಲಿ ಆ ಉದ್ಯಾನದೊಳಕ್ಕೆ ಸಾಗಿಸಲಾಯಿತು.

ಅವರ ದಾರಿಗಳಿಗೆ ಕಠಿಣವಾದ ಪರೀಕ್ಷೆ ಒದಗಿದುದು 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ. ಹೊರಗಿನಿಂದ ಬಂದ ಧಾನ್ಯವನ್ನು ರೈಲು ಬೆಂಗಳೂರಿನವರೆಗೆ ತಂದು ಸುರಿಯಿತು. ಅಲ್ಲಿಂದ ಮುಂದೆ ಹಾಸನ, ಚಿತ್ರದುರ್ಗ, ತುಮಕೂರುಗಳ ಕಡೆಗೆ ಗಾಡಿಗಳೇ ಗತಿ. ರಸ್ತೆಗಳೇನೋ ಇದ್ದುವು, ಆದರೆ ಮೇವೂ ನೀರೂ ಇಲ್ಲದೆ ಎತ್ತುಗಳು ನೊಗದ ಕೆಳಗೇ ಬೀಳುತ್ತಿದ್ದುವು. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದಷ್ಟಕ್ಕೆ ಇಳಿದಿತ್ತು. ಎತ್ತಿನ ಬೆನ್ನನ್ನೂ ಕೊರಳನ್ನೂ ನಂಬಿದ ಸಾಗಣೆಗೆ ಎಲ್ಲೆಯುಂಟೆಂಬುದು ಆಗ ಎಲ್ಲರಿಗೂ ತಿಳಿಯಿತು. ಬೆಂಗಳೂರು-ಮೈಸೂರು ರೈಲುಹಾದಿಯ ಮಣ್ಣಿನ ಕೆಲಸ ಕ್ಷಾಮಪರಿಹಾರದ ಕಾಮಗಾರಿಯಾಗಿಯೇ ಆರಂಭವಾಯಿತು. ಹೊಳೆನರಸೀಪುರ, ಹಾಸನಗಳನ್ನು ಹಾದು ಅರಸೀಕೆರೆಯನ್ನು ಮುಟ್ಟುವ ರೈಲಿಗಾಗಿ ಆ ಸೀಮೆಯವರು ಇನ್ನೂ ಸುಮಾರು ನಲವತ್ತು ವರ್ಷ ಕಾದರು. ಅಷ್ಟು ಕಾಲವೂ ಅವರ ಭತ್ತ, ರಾಗಿ, ಕಾಫಿಗಳು ಸಾಲುಮರಗಳ ನೆರಳಿನಲ್ಲಿ ಕಬ್ಬನ್ನರ ದಾರಿಗಳ ಮೇಲೆಯೇ ಉರುಳಿದುವು.